ಮಾವನ ಗಡಿಯಾರ, ದೊಡ್ಡಳಿಯನ ಕೈಚಳಕ

ಹದಿನಾರು ವರ್ಷ ಒಬ್ಬ ಮನುಷ್ಯನ ಗಡಿಯಾರಕ್ಕೆ ಎಣ್ಣೆ ಬಿಟ್ಟು, ಧೂಳು ಊದಿ, ಹಲ್ಲುಚಕ್ರಗಳನ್ನು ಮಗುವಿನ ಹಲ್ಲುಜ್ಜಿದ ಹಾಗೆ ಉಜ್ಜಿ, ಬಿಡಿಗಾಸೂ ಮುಟ್ಟದೆ ಜೋಪಾನ ಮಾಡಿದವನು ದೊಡ್ಡಳಿಯ. ಕೊನೆಗೆ ಆ ಗಡಿಯಾರ ಹೋಗಿ ಕೂತದ್ದು ಯಾರ ಜೇಬಿನಲ್ಲಿ? ಚಿಕ್ಕಳಿಯನ ಜೇಬಿನಲ್ಲಿ! ಇದನ್ನು ಅನ್ಯಾಯ ಅನ್ನದೆ ಇನ್ನೇನನ್ನಬೇಕು, ನೀವೇ ಹೇಳಿ.

ದೊಡ್ಡಳಿಯನ ಕಸುಬೇ ಗಡಿಯಾರ ರಿಪೇರಿ. ಬಸ್ ನಿಲ್ದಾಣದ ಎದುರು, ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಉಳಿದ ಸಂದಿಯಲ್ಲಿ ಅವನ ಅಂಗಡಿ. ಅಂಗಡಿ ಅನ್ನುವುದು ಗೌರವಕ್ಕೆ ಅಷ್ಟೇ; ಅವನು ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು. ಚಿಕ್ಕಳಿಯ, ಅಂದರೆ ಅವನ ಷಡ್ಡಕ, ಹಾಸಿಗೆ ಮಾರುವವನು. ಅದೂ ಒಂದು ಕಸುಬೇ? ಗಿರಾಕಿ ಬಂದು ಹಾಸಿಗೆಯ ಮೇಲೆ ಮಲಗಿ ನೋಡುತ್ತಾನೆ, ಪಕ್ಕದ ಹಾಸಿಗೆಯಲ್ಲಿ ಚಿಕ್ಕಳಿಯನೂ ಮಲಗಿರುತ್ತಾನೆ, ಇಬ್ಬರೂ ಎದ್ದಾಗ ವ್ಯಾಪಾರ ಮುಗಿದಿರುತ್ತದೆ. ಮದುವೆ ಮನೆಗೆ ಊಟ ಮುಗಿದ ಮೇಲೆ ಬರುವವನು, ಹೆಂಡತಿಯ ಹೆರಿಗೆಗೆ ಮಗು ಹುಟ್ಟಿ ಮೂರು ಗಂಟೆಯಾದ ಮೇಲೆ ಬಂದವನು. ಹೊತ್ತುಗೊತ್ತಿಲ್ಲದ ಇಂಥ ಆಸಾಮಿಗೆ ಗಡಿಯಾರ ಯಾಕೆ ಬೇಕು?

ಅದು ಸುಮ್ಮನೆ ಗಡಿಯಾರವೂ ಅಲ್ಲ. ಇಬ್ಬರಿಗೂ ಹೆಣ್ಣು ಕೊಟ್ಟ ಮಾವ ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಟೈಮ್ ಕೀಪರ್ ಆಗಿದ್ದವರು. ಕೆಲಸಕ್ಕೆ ಸೇರಿದ ವರ್ಷ ಕೊಂಡ ಚೈನು ಗಡಿಯಾರ ಅದು. ಬೆಳ್ಳಿ ಮುಚ್ಚಳದ್ದು, ಅಂಗೈ ತುಂಬುವಂಥದ್ದು. ಅದರ ಟಿಕ್ ಟಿಕ್ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ನಿವೃತ್ತಿಯಾದ ಮೇಲೂ ಮಾವ ಅದನ್ನು ಹಿಡಿದುಕೊಂಡೇ ಮನೆ ನಡೆಸಿದರು. ಸ್ನಾನಕ್ಕೆ ನಾಲ್ಕು ನಿಮಿಷ, ಊಟಕ್ಕೆ ಹದಿನೆಂಟು, ನೆಂಟರು ಬಂದರೆ ಮಾತಿಗೆ ಅರ್ಧ ಗಂಟೆ. ದೊಡ್ಡಳಿಯನಿಗೆ ಆ ಶಿಸ್ತು ಕಂಡರೆ ಕಣ್ಣು ತುಂಬಿ ಬರುತ್ತಿತ್ತು. ಸಮಯಕ್ಕೆ ಮರ್ಯಾದೆ ಕೊಡುವವರು ಇಡೀ ಕುಟುಂಬದಲ್ಲಿ ಇಬ್ಬರೇ, ಮಾವ ಮತ್ತು ತಾನು ಎಂದು ಅವನು ನಂಬಿದ್ದ. ಆದ್ದರಿಂದ ಗಡಿಯಾರ ಮುಂದೆ ಯಾರಿಗೆ ಎಂಬ ಪ್ರಶ್ನೆಯೇ ಅವನ ತಲೆಯಲ್ಲಿ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ, ಎಲ್ಲರೂ ಕೈ ತೊಳೆದುಕೊಂಡು ಕೂತಿದ್ದಾಗ, ಮಾವ ಎದ್ದು ಬಂದು ಗಡಿಯಾರವನ್ನು ಚಿಕ್ಕಳಿಯನ ಅಂಗೈಯಲ್ಲಿ ಇಟ್ಟುಬಿಟ್ಟರು. “ಇದು ನಿಮ್ಮ ಹತ್ರಾನೇ ಇರ್ಲಿ” ಅಂದರು. ಅಷ್ಟೇ. ಯಾಕೆ, ಏನು, ಒಂದು ಮಾತಿಲ್ಲ. ದೊಡ್ಡಳಿಯನ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡಳಿಯ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ, ಬಿಕ್ಕಿ ಬಿಕ್ಕಿ ಅತ್ತ. ಹೊರಗೆ ಬಂದಾಗ ಹೆಂಡತಿ ಟವೆಲ್ ಕೊಟ್ಟು, “ಹೋಗ್ಲಿ ಬಿಡ್ರೀ, ಒಂದು ಗಡಿಯಾರಕ್ಕೆ ಇಷ್ಟೊಂದಾ?” ಅಂದಳು. ಒಂದು ಗಡಿಯಾರವಂತೆ!

ಆಮೇಲೆ ಶುರುವಾಯಿತು ನೋಡಿ ನಿಜವಾದ ಸಂಕಟ. ಚಿಕ್ಕಳಿಯ ದಪ್ಪ ಬಟ್ಟೆಯದೊಂದು ವೇಸ್ಟ್‌ಕೋಟ್ ಹೊಲಿಸಿದ. ಚೈನು ಹೊಟ್ಟೆಯ ಮೇಲೆ ತೂಗುತ್ತಿತ್ತು. ಮಾತಿನ ನಡುವೆ ಗಡಿಯಾರ ಹೊರತೆಗೆದು, ಮುಚ್ಚಳಕ್ಕೆ ಹಾ ಎಂದು ಉಸಿರು ಬಿಟ್ಟು, ಕರವಸ್ತ್ರದಿಂದ ಒರೆಸಿ, ಮತ್ತೆ ಒಳಗಿಡುತ್ತಿದ್ದ. ಯಾರಾದರೂ ಟೈಮೆಷ್ಟು ಅಂದರೆ ಫೋನ್ ನೋಡಿ ಹೇಳುತ್ತಿದ್ದ. ದೊಡ್ಡಳಿಯನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಾಲ್ಕು ವರ್ಷದಲ್ಲಿ ಒಂದು ಸಲವೂ ಅದನ್ನು ಸರ್ವಿಸ್ ಮಾಡಿಸಲು ಇವನ ಹತ್ತಿರ ತರಲಿಲ್ಲ. ಹಿಂದಿನ ಬೀದಿಯ ಎಡಗೈ ರಿಪೇರಿಯವನ ಹತ್ತಿರ ಒಯ್ಯುತ್ತಿರಬೇಕು! ದೊಡ್ಡಳಿಯ ಎರಡು ಶನಿವಾರ ಆ ಅಂಗಡಿಯ ಎದುರು ಪೇಪರ್ ಅಡ್ಡ ಹಿಡಿದು ಕಾದ. ಚಿಕ್ಕಳಿಯ ಬರಲಿಲ್ಲ. ಮಹಾ ಜಾಣ, ಬೇರೆ ವಾರ ಹೋಗುತ್ತಿದ್ದಾನೆ ಎಂದು ದೊಡ್ಡಳಿಯ ತೀರ್ಮಾನಿಸಿದ.

ಹೀಗೆ ಕುದ್ದು ಕುದ್ದು ಒಂದು ದಿನ ಅವನ ತಲೆ ತಣ್ಣಗಾಯಿತು. ಒಳ್ಳೆಯವನ ತಲೆ ತಣ್ಣಗಾದರೆ ಭಯಪಡಬೇಕು. ಕದಿಯುವುದು ದಡ್ಡರ ಕೆಲಸ ಎಂದು ಅವನಿಗೆ ಹೊಳೆಯಿತು. ಕದ್ದರೆ ವಸ್ತು ಕಳೆಯುತ್ತದೆ, ಕಳೆದರೆ ಹುಡುಕುತ್ತಾರೆ, ಹುಡುಕಿದರೆ ಮೊದಲು ನೋಡುವುದು ಗಡಿಯಾರದವನನ್ನೇ. ಆದರೆ ವಸ್ತು ಕಳೆಯದೇ ಇದ್ದರೆ? ಚಿಕ್ಕಳಿಯನ ಜೇಬಿನಲ್ಲಿ ಗಡಿಯಾರ ಇದ್ದ ಹಾಗೇ ಇದ್ದು, ಅಸಲಿ ಮಾತ್ರ ತನ್ನ ಮೇಜಿನ ಖಾನೆಗೆ ಬಂದರೆ? ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆರೆದು, ಯಾರಿಗೂ ಕಾಣದ ಹಾಗೆ ಒಂದು ಸಲ ಕೀಲಿ ಕೊಟ್ಟು, ಕಿವಿಗಿಟ್ಟುಕೊಂಡು ಒಳಗಿಡುವುದು. ಅಷ್ಟೇ ಅವನ ಆಸೆ. ಮಾರುವುದಿಲ್ಲ, ತೋರಿಸುವುದಿಲ್ಲ. ಗೊತ್ತಿರುವ ಕೈಯಲ್ಲಿ ಅದು ಇರಬೇಕು, ಅಷ್ಟೇ.

ನಕಲಿ ಮಾಡಲು ಎಂಟು ತಿಂಗಳು ಹಿಡಿಯಿತು. ಅದೇ ಕಂಪನಿಯ, ಅದೇ ಕಾಲದ ಗಡಿಯಾರವೊಂದು ಗುಜರಿಯಲ್ಲಿ, ಒಂದು ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆಯ ಒಳಗೆ ಸಿಕ್ಕಿತು. ಅಸಲಿಯ ಒಂದೊಂದು ಗೀರೂ ಅವನಿಗೆ ಬಾಯಿಪಾಠ. ಮಾವ ಡಿಪೋದ ಕಬ್ಬಿಣದ ಮೆಟ್ಟಿಲ ಮೇಲೆ ಬೀಳಿಸಿದ್ದರಿಂದ ಮುಚ್ಚಳದ ಅಂಚಿಗೆ ಆದ ತಗ್ಗನ್ನು ಅವನು ಚಮಚದ ಹಿಡಿಯಿಂದ, ಮೂರು ರಾತ್ರಿ ನಿದ್ದೆಗೆಟ್ಟು ಮೂಡಿಸಿದ. ಚೈನು ಉಜ್ಜಿ ಸವೆದ ಜಾಗವನ್ನು ಚೈನಿನಿಂದಲೇ ಸವೆಸಿದ. ಹತ್ತಿರ ಹತ್ತಿರ ಎರಡು ವಾರ ಹಿಡಿದದ್ದು ಸದ್ದಿಗೆ. ಮಾವನ ಗಡಿಯಾರದ ಸದ್ದೆಂದರೆ ಸುಮ್ಮನೆಯೇ? ಟಿಕ್ ಟಿಕ್ ಎನ್ನಿಸುವ ಒಳಗಿನ ಕವೆಯನ್ನು ಕೂದಲೆಳೆಯಷ್ಟು ಅರೆದು, ಜೋಡಿಸಿ, ಬಿಚ್ಚಿ, ಮತ್ತೆ ಅರೆದು, ಕೊನೆಗೊಂದು ದಿನ ಮೇಜಿನ ಮೇಲಿಟ್ಟಾಗ ಪಕ್ಕದ ಔಷಧಿ ಅಂಗಡಿಯವನು ಕತ್ತು ಚಾಚಿ, “ಏನ್ ಸಾರ್ ಅದು, ಮರಕುಟಿಗ ಸಾಕಿದ್ದೀರಾ?” ಅಂದ. ದೊಡ್ಡಳಿಯನ ಎದೆ ಉಬ್ಬಿತು.

ಇನ್ನು ಬದಲಾಯಿಸುವುದು ಹೇಗೆ? ಚಿಕ್ಕಳಿಯ ಸ್ನಾನಕ್ಕೆ ಹೋದರೂ ವೇಸ್ಟ್‌ಕೋಟ್ ಒಳಗೇ ನೇತುಹಾಕುವವನು. ಆಗ ಒಬ್ಬ ಗಿರಾಕಿ ಊರಿನ ವೀಕ್ಷಣಾ ಗೋಪುರದ ಸುದ್ದಿ ತಂದ. “ಹೋಗಿದ್ವಿ ಸಾರ್. ಮೇಲೆ ಹತ್ತೋ ಮುಂಚೆ ಬಾಚಣಿಗೆ, ಪೆನ್ನು, ವಾಚು, ಎಲ್ಲಾ ತೆಗೆದಿಡಬೇಕಂತೆ. ಅಷ್ಟು ಎತ್ತರದಿಂದ ಕೈಜಾರಿ ಬಿದ್ರೆ ಕೆಳಗಿದ್ದೋನ ಬುರುಡೆ ಎರಡು ಹೋಳು.” ದೊಡ್ಡಳಿಯ ಕಣ್ಣಿನ ಭೂತಗನ್ನಡಿ ತೆಗೆದು ಗಿರಾಕಿಯನ್ನೇ ದಿಟ್ಟಿಸಿ, ಅವನ ವಾಚಿಗೆ ಬೆಲ್ಟು ಬಿಟ್ಟಿಯಾಗಿ ಹಾಕಿಕೊಟ್ಟ.

ಮೊದಲು ಹೋಗಿ ಸ್ಥಳ ನೋಡಿಕೊಂಡು ಬರಬೇಕಾಯಿತು. ಒಂದಲ್ಲ, ಮೂರು ಸಲ. ದೊಡ್ಡಳಿಯನಿಗೆ ಎತ್ತರ ಆಗದು. ಸ್ಟೂಲು ಹತ್ತಿ ಬಲ್ಬು ಹಾಕುವುದೂ ಹೆಂಡತಿಯ ಕೆಲಸ. ಲಿಫ್ಟು ಮೇಲೇರಿದಂತೆ ಅವನು ಕಣ್ಣು ಮುಚ್ಚಿ, ಮೊದಲ ಸಲ ಲಿಫ್ಟಿನ ಕಾವಲುಗಾರನ ಭುಜ ಹಿಡಿದುಕೊಂಡೇ ಹೊರಬಂದ. ಆದರೂ ಎಲ್ಲವನ್ನೂ ನೋಡಿಕೊಂಡ. ಲಿಫ್ಟು ಬಿಡುವುದು ಸುತ್ತಲೂ ಗಾಜು ಹಾಕಿದ ದುಂಡು ಹಜಾರಕ್ಕೆ. ಅಲ್ಲಿಂದ ಸುರುಳಿ ಮೆಟ್ಟಿಲು ಹತ್ತಿದರೆ ಬಯಲು ತಾರಸಿ. ಮೆಟ್ಟಿಲ ಬುಡದಲ್ಲೇ ಸಡಿಲ ವಸ್ತುಗಳನ್ನೆಲ್ಲ ತೆಗೆಸುತ್ತಾರೆ. ಪೆಟ್ಟಿಗೆಯಲ್ಲಿಡಲು ಉದ್ದ ಸಾಲು. ಮೇಲೆ ಬರದ ನೆಂಟರಿದ್ದರೆ ಅವರ ಕೈಗೇ ಕೊಡಬಹುದು. ಮೇಲೆ ಬರದ ನೆಂಟ! ತಲೆಸುತ್ತಿನ ಮನುಷ್ಯ! ಹುಟ್ಟಿದಾಗಿನಿಂದ ಇದ್ದ ದೌರ್ಬಲ್ಯ ಇವತ್ತು ಉಪಯೋಗಕ್ಕೆ ಬಂತಲ್ಲ ಎಂದು ಅವನಿಗೆ ಖುಷಿಯೋ ಖುಷಿ.

“ಎಲ್ರೂ ಒಂದಿನ ಸುತ್ತಾಡಿಕೊಂಡು ಬರೋಣ. ಗೋಪುರ, ಕನ್ನಡಿ ಮನೆ, ತಾರಾಲಯ, ಎಲ್ಲಾ ಅಲ್ಲೇ ಅಕ್ಕಪಕ್ಕ ಇದೆ. ಅತ್ತೆ ಮಾವನ್ನೂ ಕರಿ, ನಿನ್ನ ತಂಗಿ ಮನೆಯವರ್ನೂ ಕರಿ. ಖರ್ಚೆಲ್ಲಾ ನಂದೇ” ಎಂದಾಗ ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಪಾರ್ಕಿಗೂ ಕರೆದುಕೊಂಡು ಹೋಗಿದ್ದಿಲ್ಲ.

ಆ ಭಾನುವಾರ ಬೆಳಿಗ್ಗೆ ದೊಡ್ಡಳಿಯ ನಕಲಿಗೆ ತುಂಬ ಕೀಲಿ ಕೊಟ್ಟು, ರೇಡಿಯೋದ ಪಿಪ್ ಸದ್ದಿಗೆ ಸೆಕೆಂಡು ಮುಳ್ಳು ಕೂಡಿಸಿ, ಒಳಗಿನ ಅಂಗಿಗೆ ಹೊಲಿಸಿದ್ದ ಕಳ್ಳಜೇಬಿನಲ್ಲಿಟ್ಟ. ಜೇಬಿಗೆ ಮೂರು ಪದರ ಕಂಬಳಿ ಬಟ್ಟೆ. ಇನ್ನೊಂದು ಜೇಬಿನಲ್ಲಿ ತಲೆಸುತ್ತಿನ ಮಾತ್ರೆಯ ತಗಡಿನ ಡಬ್ಬಿ. ಅದರ ತುಂಬ ಹತ್ತಿ. ಅಸಲಿ ಬಂದು ಅದರಲ್ಲಿ ಮಲಗಬೇಕು. ಅಷ್ಟು ಜೋರು ಸದ್ದಿನ ಗಡಿಯಾರ ಕದ್ದವನ ಜೇಬಿನಿಂದ ಕೂಗಿಕೊಳ್ಳಬಾರದಲ್ಲ! ಈ ಹತ್ತಿಯ ಉಪಾಯ ಹೊಳೆದ ದಿನ ಅವನು ತನ್ನ ಬೆನ್ನು ತಾನೇ ತಟ್ಟಿಕೊಳ್ಳಲು ಹೋಗಿ ಭುಜ ಉಳುಕಿಸಿಕೊಂಡಿದ್ದ.

ಚಿಕ್ಕಳಿಯ ಐವತ್ತು ನಿಮಿಷ ತಡವಾಗಿ ಬಂದ. ವೇಸ್ಟ್‌ಕೋಟ್ ಹಾಕಿದ್ದ. ಚೈನು ತೂಗುತ್ತಿತ್ತು. ದೊಡ್ಡಳಿಯ ಎಂದೂ ಇಲ್ಲದ ಪ್ರೀತಿಯಿಂದ ಅವನನ್ನು ತಬ್ಬಿಕೊಂಡ.

ಮೊದಲ ವಿಘ್ನ ಲಿಫ್ಟಿನ ಬಾಗಿಲಲ್ಲೇ ಕಾದಿತ್ತು. “ಓ, ಬನ್ನಿ ಬನ್ನಿ ಸಾರ್! ಮತ್ತೆ ಬಂದ್ರಾ? ಇವತ್ತು ಫ್ಯಾಮಿಲಿ ಸಮೇತ!” ಎಂದ ಕಾವಲುಗಾರ, ಬಾಯಿ ತುಂಬ ನಗುತ್ತ. “ಭುಜ ಬೇಕಾ ಸಾರ್?”

“ಮತ್ತೆ ಅಂದ್ರೆ?” ಎಂದಳು ಹೆಂಡತಿ.

“ಯಾರನ್ನೋ ನೋಡಿ ನಾನು ಅನ್ಕೊಂಡಿದಾನೆ ಕಣೇ. ನನ್ನ ಮುಖ ಎಲ್ಲಾ ಕಡೆ ಸಿಗುತ್ತೆ” ಎಂದು ದೊಡ್ಡಳಿಯ ಕಣ್ಣು ಮುಚ್ಚಿ ಲಿಫ್ಟು ಹೊಕ್ಕ. ಕಣ್ಣು ಮುಚ್ಚಿದ್ದು ನಟನೆಯಲ್ಲ.

ಗಾಜಿನ ಹಜಾರದಲ್ಲಿ ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ಮಾವ ಕನ್ನಡಕ ತೆಗೆದರು, ನಾದಿನಿ ಕೂದಲಿನ ಕ್ಲಿಪ್ಪು ತೆಗೆದಳು, ಅವಳ ಐದು ವರ್ಷದ ಮಗಳು ಪುಟ್ಟಿ ಬಾಯಿಂದ ಚಾಕಲೇಟನ್ನೂ ತೆಗೆಯಲೇ ಎಂದು ಕೇಳಿದಳು. ಚಿಕ್ಕಳಿಯ ಚೈನು ಬಿಚ್ಚಿ, “ಅಣ್ಣಾ, ಹುಷಾರು, ಇದು ಮಾವನ ಪ್ರಸಾದ” ಅಂದ. ಪ್ರಸಾದವಂತೆ! ದೊಡ್ಡಳಿಯ ಹಲ್ಲು ಕಚ್ಚಿ ನಕ್ಕು ಕೈ ಚಾಚಿದ. ಅಷ್ಟರಲ್ಲಿ ಅತ್ತೆ ಎಲ್ಲವನ್ನೂ ಬಾಚಿ ತಮ್ಮ ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ಚೀಲವನ್ನು ಹೆಗಲಿಗೇರಿಸಿ, ಬೆಂಚಿನ ಮೇಲೆ ಕೂತುಬಿಟ್ಟರು.

“ನಾನೂ ಬರಲ್ಲಪ್ಪ. ಆ ಗಾಳೀಲಿ ನನ್ನ ಸೆರಗು ನಿಲ್ಲಲ್ಲ. ನಾನೂ ದೊಡ್ಡಳಿಯಂದ್ರೂ ಇಲ್ಲೇ ಮಾತಾಡ್ಕೊಂಡಿರ್ತೀವಿ, ನೀವು ಹೋಗ್ಬನ್ನಿ.”

ಎಂಟು ತಿಂಗಳ ಯೋಜನೆಯಲ್ಲಿ ಅತ್ತೆಯ ಸೆರಗಿಗೆ ಜಾಗವೇ ಇರಲಿಲ್ಲ. ಮೇಲೆ ಹೋದವರು ಇಳಿದು ಬರುವವರೆಗೆ ಇರುವುದು ಹದಿನೈದು ನಿಮಿಷ. ಮೊದಲ ಐದು ನಿಮಿಷ ಅತ್ತೆ ತಮ್ಮ ಮೊಣಕಾಲಿನ ವಿಷಯ ಹೇಳಿದರು, ಆಮೇಲೆ ಎದುರುಮನೆಯವರ ಮೊಣಕಾಲಿನ ವಿಷಯ. ದೊಡ್ಡಳಿಯ ಹೂಂಗುಡುತ್ತ ಕಣ್ಣಾಡಿಸಿದ. ಗಾಜಿನ ಪಕ್ಕದಲ್ಲಿ ನಾಣ್ಯ ಹಾಕಿದರೆ ಮೂರು ನಿಮಿಷ ಊರು ತೋರಿಸುವ ದುರ್ಬೀನು ನಿಂತಿತ್ತು.

“ಅತ್ತೆ, ಇದರಲ್ಲಿ ಊರಿನ ಮನೆಮನೆಯೂ ಕಾಣುತ್ತಂತೆ.”

“ಮನೆ ಒಳಗೂನಾ?” ಎಂದರು ಅತ್ತೆ, ಮೊಣಕಾಲು ಮರೆತು ಎದ್ದು.

ಚೀಲ ಹೆಗಲಲ್ಲೇ ಇತ್ತು. ಅತ್ತೆ ಬಗ್ಗಿ ಕಣ್ಣಿಟ್ಟರು. ದೊಡ್ಡಳಿಯ ನಾಣ್ಯ ಹಾಕಿದ. ದುರ್ಬೀನು ಗಿರ್ರೆಂದಿತು.

“ಅಯ್ಯೋ, ಯಾರ ಮನೆ ತಾರಸೀನೋ ಇದು! ಒಗೆದ ಬಟ್ಟೆ ಹಿಂಡೇ ಇಲ್ಲ, ತೊಟತೊಟ ಅಂತಿದೆ. ಅಳಿಯಂದ್ರೇ, ಒಬ್ಳು ನೀಲಿ ಗೇಟಿನ ಹತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಿದಾಳೆ. ಜಗಳ! ಜಗಳ ಶುರು ಆಗುತ್ತೆ ನೋಡ್ತಿರಿ!”

ಗಡಿಯಾರದವನ ಬೆರಳೆಂದರೆ ಬೆರಳು. ಎಡಗೈಯ ಎರಡು ಬೆರಳು ಚೀಲದ ಬಾಯಿ ಬಿಡಿಸಿದವು. ಕ್ಲಿಪ್ಪು, ಕನ್ನಡಕ, ಫೋನು, ಬಾಚಣಿಗೆ, ಅಗೋ ಚೈನು. ಅಷ್ಟರಲ್ಲಿ ದುರ್ಬೀನು ಟಪ್ಪೆಂದು ಕಣ್ಣು ಮುಚ್ಚಿತು. “ಇನ್ನೊಂದು ನಾಣ್ಯ ಹಾಕಿ, ಬೇಗ! ಪೂರ್ತಿ ನೋಡ್ಬೇಕು” ಎಂದು ಅತ್ತೆ ಕಣ್ಣು ತೆಗೆಯದೆಯೇ ಕೂಗಿದರು. ಅವನು ಬಲಗೈಯಿಂದ ನಾಣ್ಯ ಹಾಕಿ, ಎಡಗೈಯಿಂದ ಅಸಲಿ ತೆಗೆದು, ಮತ್ತೆ ಬಲಗೈಯಿಂದ ನಕಲಿ ಇಳಿಸಿದ. ಅಸಲಿ ಅಂಗೈಗೆ ಬಂದಾಗ ಬೆರಳ ತುದಿಗೆ ಡವಡವ ಬಡಿತ ತಾಗಿತು. ಆಹಾ, ಅದೇ ಬಡಿತ! ಕಿವಿಗಿಟ್ಟುಕೊಳ್ಳುವ ಆಸೆ ಉಕ್ಕಿ ಬಂತು. ತಡೆದುಕೊಂಡು, ಡಬ್ಬಿಯ ಹತ್ತಿಯಲ್ಲಿ ಅದನ್ನು ಎಳೆಗೂಸಿನಂತೆ ಮಲಗಿಸಿ ಮುಚ್ಚಳ ಒತ್ತಿದ. ಎಲ್ಲ ಸೇರಿ ಹತ್ತೊಂಬತ್ತು ಸೆಕೆಂಡು.

“ಛೆ, ಜಗಳ ಆಡ್ಲೇ ಇಲ್ಲ. ಅಪ್ಪಿಕೊಂಡುಬಿಟ್ರು” ಎಂದು ಅತ್ತೆ ಬೇಜಾರಿನಿಂದ ಎದ್ದು ನಿಂತರು.

ಮೇಲಿನಿಂದ ಎಲ್ಲರೂ ಗಾಳಿಗೆ ಕೆದರಿದ ತಲೆಗಳೊಂದಿಗೆ ಇಳಿದು ಬಂದರು. ಹಜಾರದ ತುಂಬ ಮಕ್ಕಳ ಗಲಾಟೆ. ಚಿಕ್ಕಳಿಯ ಗಡಿಯಾರ ತೆಗೆದುಕೊಂಡು, ಮುಚ್ಚಳಕ್ಕೆ ಹಾ ಎಂದು, ಒರೆಸಿ, ದಪ್ಪ ವೇಸ್ಟ್‌ಕೋಟಿನೊಳಗೆ ಇಳಿಸಿದ. ಚಮಚದ ಹಿಡಿಯಿಂದ ಮಾಡಿದ ತಗ್ಗಿನ ಮೇಲೆ ಅವನ ಹೆಬ್ಬೆರಳು ಹಾದುಹೋಯಿತು. ಎಳ್ಳಷ್ಟೂ ಅನುಮಾನವಿಲ್ಲ! ದೊಡ್ಡಳಿಯನಿಗೆ ಅಲ್ಲೇ ಕುಣಿಯಬೇಕೆನಿಸಿತು. ಕೆಳಗಿಳಿಯುವಾಗ ಅವನು ಲಿಫ್ಟಿನಲ್ಲಿ ಕಣ್ಣು ಬಿಟ್ಟುಕೊಂಡೇ ನಿಂತಿದ್ದ.

ಎರಡನೆಯ ವಿಘ್ನ ಕನ್ನಡಿ ಮನೆಯಲ್ಲಿ. ಒಳಗೆ ಹೋದರೆ ಎತ್ತ ನೋಡಿದರೂ ಮೂವತ್ತು ದೊಡ್ಡಳಿಯಂದಿರು, ಮೂವತ್ತು ಜನರ ಜೇಬೂ ಉಬ್ಬಿದೆ. ಅವನು ಮುಖ ತಗ್ಗಿಸಿಕೊಂಡು ನಡೆದು ತನಗೆ ತಾನೇ ಡಿಕ್ಕಿ ಹೊಡೆದ. ಪುಟ್ಟಿ ಓಡಿ ಹೋಗಿ ಕನ್ನಡಿಗೆ ಬಡಿದು ಬಿದ್ದು ಮಂಡಿ ತರಚಿಕೊಂಡಳು. ಹುಡುಗಿಯ ಅಳು ಮೂವತ್ತು ದಿಕ್ಕಿನಿಂದ ಕೇಳಿಸಿತು.

“ರೀ, ನಿಮ್ಮ ಮಾತ್ರೆ ಡಬ್ಬೀಲಿ ಹತ್ತಿ ಇತ್ತಲ್ಲಾ, ಕೊಡ್ರೀ” ಎಂದಳು ಹೆಂಡತಿ.

ದೊಡ್ಡಳಿಯ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ. “ಯಾವ ಹತ್ತಿ?”

“ಬೆಳಿಗ್ಗೆ ತುಂಬ್ತಾ ಇದ್ರಲ್ಲ. ಯಾಕೆ ಅಂದಿದ್ದಕ್ಕೆ ಮಾತ್ರೆಗೆ ಪೆಟ್ಟಾಗ್ಬಾರ್ದು ಅಂದ್ರಿ.”

ಅವನು ಬೆನ್ನು ತಿರುಗಿಸಿ, ಡಬ್ಬಿಯ ಮುಚ್ಚಳ ಬೆರಳಷ್ಟು ತೆರೆದು, ಮೇಲಿನ ಪದರವನ್ನು ಕಿತ್ತುಕೊಟ್ಟ. ಪುಟ್ಟಿಯ ಮಂಡಿಗೆ ಸಾಲಲಿಲ್ಲ. ಇನ್ನೊಂದು ಪದರವೂ ಹೋಯಿತು. ಈಗ ಅಸಲಿಯ ಮೇಲೆ ಉಳಿದದ್ದು ಬಟ್ಟೆಗೆ ಅಂಟಿದ ನವಿರಿನಷ್ಟು ಹತ್ತಿ. ಇನ್ನು ಆ ಜೋರು ಟಿಕ್ ಟಿಕ್ ಕೇಳದೇ ಇರುತ್ತದೆಯೇ? ಆಗಿನಿಂದ ದೊಡ್ಡಳಿಯ ಕೆಮ್ಮತೊಡಗಿದ. ಕನ್ನಡಿ ಮನೆಯಲ್ಲಿ ಕೆಮ್ಮಿದ, ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಊಟ ಮಾಡುವಾಗ ಕೆಮ್ಮಿದ, ಯಾರಾದರೂ ಮಾತು ನಿಲ್ಲಿಸಿದ ಕೂಡಲೇ ಖೊಕ್ ಖೊಕ್ ಎಂದು ಅಂತರ ತುಂಬಿದ. ಕೆಮ್ಮಿಲ್ಲದಾಗ ಹಾಡು ಗುನುಗಿದ. “ಏನಾಗಿದೆ ಭಾವಂಗೆ?” ಎಂದು ನಾದಿನಿ ಅಕ್ಕನ ಕಿವಿಯಲ್ಲಿ ಕೇಳಿದಳು. ಮಾವ ಬಂದು ಬೆನ್ನು ನೀವಿ, “ಎತ್ತರದ ಗಾಳಿ ನಿಮಗೆ ಒಗ್ಗಲ್ಲ, ನಮಗೋಸ್ಕರ ಬಂದ್ರಿ ಪಾಪ” ಅಂದರು. ಆ ಮುದಿಕೈ ಬೆನ್ನ ಮೇಲೆ ಆಡಿದಾಗ ದೊಡ್ಡಳಿಯ ಡಬ್ಬಿಯ ಜೇಬಿಗೆ ಕೈ ಒಯ್ದ. ಒಂದು ಗಳಿಗೆ ಎಲ್ಲ ಹೇಳಿಬಿಡಲೇ ಅನ್ನಿಸಿತು. ಆದರೆ ಇದೇ ಕೈ ಅಲ್ಲವೇ ಗಡಿಯಾರ ಎತ್ತಿ ಹಾಸಿಗೆಯವನಿಗೆ ಕೊಟ್ಟದ್ದು? ಅವನು ಇನ್ನೆರಡು ಸಲ ಕೆಮ್ಮಿದ.

ಕೊನೆಯದು ತಾರಾಲಯ. ಗುಮ್ಮಟದ ಕೆಳಗೆ ಹಿಂದಕ್ಕೆ ಒರಗುವ ಮೆತ್ತನೆಯ ಕುರ್ಚಿಗಳು. ಸಾಲಿನ ಒಂದು ತುದಿಗೆ ಮಾವ, ಆಮೇಲೆ ಅತ್ತೆ, ಚಿಕ್ಕಳಿಯ, ನಾದಿನಿ, ಅವಳ ಮಡಿಲಲ್ಲಿ ಪುಟ್ಟಿ, ಹೆಂಡತಿ, ಇನ್ನೊಂದು ತುದಿಗೆ ದೊಡ್ಡಳಿಯ. ಫೋನ್ ಆರಿಸಿ, ಮಾತು ಬೇಡ, ಕೆಮ್ಮು ಇರುವವರು ಹೊರಗೆ ಕೂರಬಹುದು ಎಂದು ಒಬ್ಬಳು ಬಂದು ಹೇಳಿ, ಇವನನ್ನೇ ನೋಡಿ ಹೋದಳು. ದೀಪಗಳು ಆರಿದವು. ಪಟ್ಟಪಗಲಿನಲ್ಲೇ ತಲೆಯ ಮೇಲೆ ಆಕಾಶ ಹರಡಿತು. ಹೊಟ್ಟೆ ಗುಡುಗಿದರೂ ಕೇಳಿಸುವಂಥ ಮೌನ.

ದೊಡ್ಡಳಿಯ ಡಬ್ಬಿಯನ್ನು ತೊಡೆಯ ಕೆಳಗೆ ಹಾಕಿಕೊಂಡು ಉಸಿರು ಬಿಗಿಹಿಡಿದ. ಸದ್ದಿಲ್ಲ. ಕಿವಿಗೊಟ್ಟು ಕೇಳಿದ. ಊಹೂಂ, ಸುಳಿವೇ ಇಲ್ಲ. ಅಷ್ಟು ಚೂರು ಹತ್ತಿ ಇಷ್ಟು ಸೊಗಸಾಗಿ ಸದ್ದು ನುಂಗುತ್ತದೆಯೇ! ಯಾವ ಅಂಗಡಿಯ ಹತ್ತಿ ಅದು? ನಾಳೆಯೇ ಇನ್ನೆರಡು ಕಟ್ಟು ತರಬೇಕು. ಅವನು ಉಸಿರು ಬಿಟ್ಟು ಹಿಂದಕ್ಕೆ ಒರಗಿದ. ಗ್ರಹಗಳು ಒಂದೊಂದಾಗಿ ಹಾದುಹೋದವು. ಎಲ್ಲವೂ ತಮ್ಮ ತಮ್ಮ ಹೊತ್ತಿಗೆ ಸರಿಯಾಗಿ ತಿರುಗುತ್ತಿದ್ದವು. ನೋಡಿ ಅವನಿಗೆ ತುಂಬ ಸಮಾಧಾನವಾಯಿತು. ಚಿಕ್ಕಳಿಯ ಮೊದಲ ಗ್ರಹ ದಾಟುವುದರೊಳಗೆ ಗೊರಕೆ ಹೊಡೆಯತೊಡಗಿದ್ದ. ನಾದಿನಿ ಅವನ ಪಕ್ಕೆಗೆ ತಿವಿದಳು. ಗೊರಕೆ ನಿಂತಿತು.

ಆಗ ಕೇಳಿಸಿತು. ಟಿಕ್, ಟಿಕ್, ಟಿಕ್, ಟಿಕ್. ವೇಸ್ಟ್‌ಕೋಟಿನ ಒಳಗಿಂದ, ದುಂಡಗೆ, ದಿಟ್ಟವಾಗಿ, ಗುಮ್ಮಟಕ್ಕೆ ತಗುಲಿ ವಾಪಸು ಬರುವ ಹಾಗೆ. ದೊಡ್ಡಳಿಯನಿಗೆ ರೋಮಾಂಚನವಾಯಿತು. ಎಂಥ ಕೆಲಸ! ಕೂದಲೆಳೆಯಷ್ಟೂ ತಪ್ಪಿಲ್ಲ. ಇದು ಅಸಲಿಯಲ್ಲ ಎಂದು ಹೇಳುವ ಕಿವಿ ಈ ಲೋಕದಲ್ಲಿ ಹುಟ್ಟಬೇಕಷ್ಟೆ ಎಂದುಕೊಂಡು ಅವನು ಕತ್ತಲಲ್ಲಿ ಒಬ್ಬನೇ ಮುಗುಳ್ನಕ್ಕ.

“ರೀ” ಎಂದಿತು ಅತ್ತೆಯ ದನಿ. ಮೆಲ್ಲಗಿರಲಿಲ್ಲ. “ಮತ್ತೆ ಶುರು ಮಾಡಿದ್ರಾ?”

“ನಾನೇನೇ ಮಾಡ್ದೆ?” ಎಂದರು ಮಾವ. “ನಿನ್ನಾಣೆಗೂ ನಾನಲ್ಲ ಕಣೇ. ಕೊಟ್ಟ ಮೇಲೆ ನಾನದನ್ನ ಮುಟ್ಟಿದ್ರೆ ಕೇಳು.”

“ಅತ್ತೆ, ನಾನೂ ಮುಟ್ಟಿಲ್ಲ. ಮುಚ್ಚಳ ಒರೆಸ್ತೀನಿ, ಅಷ್ಟೇ” ಎಂದು ಚಿಕ್ಕಳಿಯ ನಿದ್ದೆಗಣ್ಣಲ್ಲೇ ಗಡಿಯಾರ ಹೊರತೆಗೆದು, ಉರಿವ ಕೆಂಡ ಹಿಡಿದವನಂತೆ ಕೈಯಿಂದ ಕೈಗೆ ಹಾಕಿಕೊಂಡ.

ಸುತ್ತಲಿನವರು ಶ್ ಶ್ ಎಂದರು. ಅತ್ತೆ ಲೆಕ್ಕಿಸುವವರಲ್ಲ. “ನಲವತ್ತು ವರ್ಷ! ಟೀ ಎರಡು ನಿಮಿಷ ಲೇಟು, ಸ್ನಾನ ಒಂದು ನಿಮಿಷ ಜಾಸ್ತಿ, ನಿದ್ದೇಲೂ ಟಿಕ್ ಟಿಕ್. ತಡೆಯೋಕಾಗ್ದೆ ಒಂದಿನ ಈರುಳ್ಳಿ ಹೆಚ್ಚೋ ಚಾಕೂಲಿ ಹಿಂಬದಿ ಮೀಟಿ, ಅದರ ಸ್ಪ್ರಿಂಗನ್ನ ನಾನೇ ಈ ಕೈಯಾರೆ ಕಿತ್ತು ಹಾಕಿದ್ದೀನಿ. ಆ ಸ್ಪ್ರಿಂಗು ಇವತ್ತಿಗೂ ನಮ್ಮನೆ ಇಲಿಬೋನಿನ ಬಾಗಿಲಿಗೆ ಕಟ್ಟಿದೆ, ಬೇಕಾದ್ರೆ ಬಂದು ನೋಡಿ. ನಾನಿರೋವರೆಗೂ ಇದು ಓಡಕೂಡದು ಅಂತ ನಿಮ್ಮಾವನ ಹತ್ರ ಮಾತು ತಗೊಂಡಿದ್ದೆ. ದೊಡ್ಡಳಿಯಂದ್ರ ಕೈಗೆ ಕೊಟ್ರೆ ಸಾಯಂಕಾಲದೊಳಗೆ ರಿಪೇರಿ ಆಗುತ್ತೆ ಅಂತಲೇ ಅಲ್ವಾ ಚಿಕ್ಕವರಿಗೆ ಕೊಡಿಸಿದ್ದು! ನ್ಯಾಯವಾಗಿ ದೊಡ್ಡವರಿಗೇ ಹೋಗಬೇಕಾದ್ದು ಅಂತ ಇವ್ರು ಒಂದು ವಾರ ಊಟ ಬಿಟ್ಟಿದ್ರು. ಹೊಟ್ಟೇಲಿ ಸ್ಪ್ರಿಂಗೇ ಇಲ್ಲದ ಗಡಿಯಾರ ನಾಲ್ಕು ವರ್ಷ ಆದ್ಮೇಲೆ, ಸೆಕೆಂಡೂ ತಪ್ಪದ ಹಾಗೆ ಓಡ್ತಿದೆ ಅಂದ್ರೆ...” ಅತ್ತೆಯ ಮಾತು ಅಲ್ಲಿಗೆ ನಿಂತಿತು. ತಲೆಯ ಮೇಲೆ ಉದ್ದ ಬಾಲದ ಧೂಮಕೇತುವೊಂದು ಆಕಾಶವನ್ನೆಲ್ಲ ಬೆಳಗುತ್ತ ಹಾದುಹೋಯಿತು. ಆ ಬೆಳಕಿನಲ್ಲಿ ಮಾವ, ಅತ್ತೆ, ಚಿಕ್ಕಳಿಯ, ನಾದಿನಿ, ಪುಟ್ಟಿ, ಹೆಂಡತಿ, ಒಬ್ಬರಾದ ಮೇಲೆ ಒಬ್ಬರು ಕತ್ತು ತಿರುಗಿಸಿ ಸಾಲಿನ ತುದಿಯ ಕುರ್ಚಿಯನ್ನು ನೋಡಿದರು. ಅವರ ಕುಟುಂಬದಲ್ಲಿ ಗಡಿಯಾರ ಓಡಿಸಲು ಬರುತ್ತಿದ್ದದ್ದು ಒಬ್ಬನಿಗೇ.